ಹಿತ್ತಾಳೆ ರೇಜರಿನ ಕಳ್ಳ

ಬ್ರಶ್ಶು ಮತ್ತೆ ಒದ್ದೆಯಾಗಿತ್ತು.

ಮೇಸ್ತ್ರಿ ಅದನ್ನು ಮೂಗಿಗೆ ಹಿಡಿದು ಮೂಸಿದರು. ಸೋಪಿನ ಹಿಂದೆ ಇನ್ನೊಂದು ವಾಸನೆಯಿತ್ತು. ಟರ್ಪೆಂಟೈನು. ಈ ಮನೆಯಲ್ಲಿ ಆ ವಾಸನೆ ಹೊತ್ತು ತಿರುಗುವವನು ಒಬ್ಬನೇ: ಅಂಗಡಿಗಳ ಬೋರ್ಡು ಬರೆಯುವ ಅಳಿಯ. ಮದುವೆಯಾದ ಮೇಲೆ ಮಗಳ ಜೊತೆ ಹಿತ್ತಲ ಕೋಣೆಯಲ್ಲೇ ಸಂಸಾರ ಹೂಡಿದ್ದ.

“ಬೆಳಿಗ್ಗೆ ಕ್ಷೌರ ಮಾಡ್ಕೊಂಡು ಕಿಟಕೀಲಿ ಒಣಗೋಕೆ ಇಟ್ಟಿದ್ದೆ. ಸಂಜೆ ಹೊತ್ತಿಗೆ ಮತ್ತೆ ಹೇಗೆ ಒದ್ದೆ ಆಯ್ತು?”

“ಬ್ರಶ್ಶು ಅಂದ್ಮೇಲೆ ಒದ್ದೆ ಆಗದೆ ಇರುತ್ತಾ,” ಎಂದರು ಹೆಂಡತಿ, ಹೆಚ್ಚುತ್ತಿದ್ದ ಈರುಳ್ಳಿಯಿಂದ ತಲೆಯೆತ್ತದೆ.

“ನಿನ್ನ ಅಳಿಯಂದಿರು ನನ್ನ ರೇಜರ್ ಬಳಸ್ತಿದ್ದಾರೆ.”

“ಎದೆಮಟ್ಟ ಗಡ್ಡ ಬಿಟ್ಟೋರಿಗೆ ರೇಜರ್ ಯಾಕ್ರೀ? ಬೋಳುತಲೆಯವನು ಬಾಚಣಿಗೆ ಕದ್ದ ಅಂದ ಹಾಗಾಯ್ತು.”

“ಅಂಚು ಸರಿ ಮಾಡ್ಕೊಳ್ಳೋಕೆ. ಕತ್ತಿನ ಹತ್ರ ನೋಡು, ಗೆರೆ ಎಳೆದ ಹಾಗಿದೆ.”

“ಗೆರೆ ಎಳೆಯೋದೇ ಅಲ್ವಾ ಅವರ ಕಸುಬು. ಕೈ ನಡುಗದೆ ಇರೋದೂ ಒಂದು ತಪ್ಪಾ?”

ಅದು ಅಂಗಡಿಯಲ್ಲಿ ಕೊಂಡ ರೇಜರಲ್ಲ. ಕಾರ್ಖಾನೆಯ ಲೇತಿನ ಮುಂದೆ ನಿಂತೇ ಆಯುಷ್ಯ ಸವೆಸಿದ ಮೇಸ್ತ್ರಿ, ಕೆಲಸ ಬಿಡುವ ಮುಂಚೆ ಗಟ್ಟಿ ಹಿತ್ತಾಳೆಯ ಸರಳಿನಿಂದ ತಾವೇ ಕಡೆದದ್ದು. ಹಿಡಿಯ ಮೇಲೆ ಬೆರಳು ಜಾರದಂತೆ ಗೀರು. ತಲೆಯ ಎರಡೂ ಕಡೆ ಬ್ಲೇಡಿನ ಅಂಚು ಇಣುಕುವಷ್ಟೇ ಸಂದು. ಎತ್ತಿದರೆ ಸುತ್ತಿಗೆಯಷ್ಟು ಭಾರ. “ಒತ್ತಬಾರದು. ಭಾರವೇ ಕೆಲಸ ಮಾಡುತ್ತೆ,” ಎಂದು ಬಂದವರಿಗೆಲ್ಲ ಪಾಠ. “ನನ್ನ ಕೆನ್ನೆ ಇನ್ನೊಬ್ಬರ ಕೈ ಕಂಡಿಲ್ಲ,” ಎಂದು ಪಾಠದ ಕೊನೆಗೆ ಒಂದು ಮಂಗಳ.

ಮೊದಮೊದಲು ಅದು ಮಾಡಿದವನನ್ನೇ ಕಚ್ಚುತ್ತಿತ್ತು. ಕೆನ್ನೆ, ಗದ್ದ, ಒಮ್ಮೆ ಕಿವಿಯ ತುದಿ. ಮುಖದ ತುಂಬ ಪೇಪರಿನ ಚೂರು ಅಂಟಿಸಿಕೊಂಡು ಮೇಸ್ತ್ರಿ ತಿಂಡಿಗೆ ಕೂರುತ್ತಿದ್ದರು. ಕೈ ನಡುಗುತ್ತಿದೆ ಎಂದು ಹೆಂಡತಿ ಹೇಳಿದರೆ, ಎಲ್ಲಿ ನಡುಗುತ್ತೆ ತೋರಿಸು ಎಂದು ಲೋಟ ಎತ್ತಿ ಹಿಡಿದು ಅಂಗಿಯ ಮೇಲೆ ಕಾಫಿ ಚೆಲ್ಲಿಕೊಳ್ಳುತ್ತಿದ್ದರು. ಕಡೆಗೆ ಬ್ಲೇಡು ಹಾಕುವ ಕೆಲಸವನ್ನು ಹೆಂಡತಿಯೇ ವಹಿಸಿಕೊಂಡರು. ಅಂದಿನಿಂದ ಒಂದು ಗೀರೂ ಬಿದ್ದಿಲ್ಲ. ರೇಜರ್ ಪಳಗಿತು ಎಂದರು ಮೇಸ್ತ್ರಿ.

ಪಳಗಿದ ಮೇಲೆ ಅದಕ್ಕೊಂದು ವಿಶೇಷ ಗುಣವೂ ಬಂದಿತ್ತು. ಕ್ಷೌರ ಬೆಳಿಗ್ಗೆ, ಫಲ ಮಧ್ಯಾಹ್ನದ ಮೇಲೆ. ಕಾದ ಹಿತ್ತಾಳೆಯ ಚೂರು ಆರಿಸಿ ಆರಿಸಿ ಜಡ್ಡುಗಟ್ಟಿದ ಬೆರಳಿಗೆ ಗಾಜೂ ಒಂದೇ, ಗಡ್ಡವೂ ಒಂದೇ. ಕನ್ನಡಿಯಲ್ಲಿ ಕಾಣುತ್ತಿದ್ದುದು ಮಂಜು. ಆದರೆ ಪಕ್ಕದ ಮನೆಯ ಟೈಲರಿಗೆ ಕಣ್ಣು ಚೆನ್ನಾಗಿತ್ತು.

“ಬೆಳಿಗ್ಗೆ ಹಾಲು ತರೋವಾಗ ಮುಳ್ಳುಹಂದಿ, ಸಂಜೆ ನೋಡಿದ್ರೆ ಮದುಮಗ. ಏನಣ್ಣ ಇದು?”

“ಹಿತ್ತಾಳೆ ಕಣಯ್ಯ. ನಿಧಾನಕ್ಕೆ ಹತ್ತುತ್ತೆ.”

ಇಂಥ ರೇಜರಿಗೆ ಪರರ ಕೈ ತಾಗಿದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಮರುದಿನ ಮೇಸ್ತ್ರಿಯ ಟವೆಲ್ಲಿನ ಮೇಲೆ ನೀಲಿ ಬಣ್ಣದ ಕಲೆ ಸಿಕ್ಕಿತು. ಅದೇ ನೀಲಿ ಮೇಸ್ತ್ರಿಯ ಕಿವಿಯ ಹಿಂದೆಯೂ ಇದೆಯೆಂದು ಟೈಲರ್ ಹೇಳಿದ. ಟವೆಲ್ಲಿನಿಂದಲೇ ಮೆತ್ತಿಕೊಂಡಿರಬೇಕು.

“ಆಯ್ತು,” ಎಂದರು ಮೇಸ್ತ್ರಿ. “ರೇಜರ್ ಸಮೇತ ಹಿಡೀತೀನಿ. ಹಿಡಿದ ದಿನವೇ ಗಂಡ ಹೆಂಡತಿ ಬೇರೆ ಮನೆ ನೋಡ್ಕೊಳ್ಳಲಿ.”

ಅಕ್ಕಿ ಆರಿಸುತ್ತಿದ್ದ ಹೆಂಡತಿ ಮೊರ ಕೆಳಗಿಟ್ಟರು. “ಮಗಳೂನಾ?”

“ಮಗಳೂ.”

“ಒಂದು ರೇಜರಿಗಾಗಿ?”

“ನನ್ನ ಮುಖ ಸವರೋ ರೇಜರ್ ಇನ್ನೊಬ್ಬರ ಕೈಗೆ ಹೋಗಬಾರದು. ಅಷ್ಟೇ.”

“ಹಾಗಾದ್ರೆ ನಿಮ್ಮ ಮುಖಾನ ದೇವರೇ ಕಾಪಾಡ್ಬೇಕು,” ಎಂದು ಹೆಂಡತಿ ನಿಟ್ಟುಸಿರು ಬಿಟ್ಟರು.

ಊಟವಾದ ಮೇಲೆ ಮೇಸ್ತ್ರಿ ಕಿಟಕಿಯ ಪಕ್ಕದ ಆರಾಮ ಕುರ್ಚಿಗೆ ಒರಗಿದರೆ ಕೊರಡು. ಕಳ್ಳನಿಗೆ ಅದೇ ಹೊತ್ತು ಎಂಬುದು ಅವರಿಗೆ ಈಗ ಹೊಳೆಯಿತು. ಮಾರನೆಯ ದಿನ ಟೈಲರ ಮನೆಯಲ್ಲಿ ಕಡುಕಾಫಿ ಕುಡಿದು ಬಂದರು. ತೊಡೆಯ ಕೆಳಗೆ ದಪ್ಪದೊಂದು ನಟ್ಟು ಇಟ್ಟುಕೊಂಡರು, ಜೋಂಪು ಹತ್ತಿದರೆ ಚುಚ್ಚಲಿ ಎಂದು. ಕಣ್ಣು ಮುಚ್ಚಿ ಬಾಯಿ ತುಸು ಬಿಟ್ಟುಕೊಂಡರು.

ಬಹಳ ಹೊತ್ತು ನೊಣದ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಹಿತ್ತಲ ಬಾಗಿಲು ಕಿರುಗುಟ್ಟಿತು. ಟರ್ಪೆಂಟೈನು ಒಳಗೆ ಬಂತು.

“ಅತ್ತೆ, ಇವತ್ತು ಬೇಡ. ಸಿಕ್ಕಿಬಿದ್ರೆ ನಾವು ಬೀದಿಗೆ.”

“ಒಂದು ದಿನ ಬಿಟ್ರೂ ಗೊತ್ತಾಗಿಬಿಡುತ್ತೆ. ಬೇಗ ಮುಗಿಸಿ. ಮಲಗಿದ್ರೆ ಮನೆಗೆ ಬೆಂಕಿ ಬಿದ್ರೂ ಏಳೋ ಜೀವ ಅಲ್ಲ ಅದು.”

ಮೇಸ್ತ್ರಿ ಹಲ್ಲು ಕಚ್ಚಿದರು. ಕಟ್ಟಿಕೊಂಡವಳೇ ಕಳ್ಳನ ಕಡೆ. ಬಿಸಿನೀರು ಬಟ್ಟಲಿಗೆ ಬಿತ್ತು. ರೇಜರಿನ ತಿರುಪು ಬಿಚ್ಚುವ ಸದ್ದು. ತಾವೇ ಕಡೆದ ತಿರುಪು, ನಿದ್ದೆಯಲ್ಲೂ ಗುರುತು ಸಿಗುತ್ತದೆ.

“ಬ್ಲೇಡು?”

“ಸಕ್ಕರೆ ಡಬ್ಬಿ ಹಿಂದೆ. ಮುಗಿದ ಮೇಲೆ ಮರೀದೆ ತೆಗೆದುಬಿಡಿ. ಬೆಳಿಗ್ಗೆ ಅದರಲ್ಲೇ ಇದ್ರೆ ಅನಾಹುತ.”

ಓಹೋ. ಕಳ್ಳನದು ಬೇರೆಯೇ ಬ್ಲೇಡು. ಸುಳಿವು ಉಳಿಯದಿರಲಿ ಎಂದು ತೆಗೆದೂ ಇಡುತ್ತಾರೆ. ಆದರೂ ಮೇಸ್ತ್ರಿ ಅಲುಗಲಿಲ್ಲ. ಕನ್ನಡಿ ಇದ್ದದ್ದು ಕುರ್ಚಿಯ ತಲೆಯ ಮೇಲೆಯೇ. ಕಳ್ಳ ಇಲ್ಲಿಗೇ ಬರಬೇಕು. ಬ್ರಶ್ಶು ಅವನ ಮುಖಕ್ಕೆ ತಾಗಿದ ಕ್ಷಣ ಕಣ್ಣು ಬಿಡುವುದು. ಹೆಚ್ಚು ಮಾತಿಲ್ಲ. “ಹೊರಡಿ,” ಅಷ್ಟೇ.

ಬಟ್ಟಲಲ್ಲಿ ನೊರೆ ಏಳುವ ಸದ್ದು ನಿಂತಿತು. ಹೆಜ್ಜೆ ಹತ್ತಿರ ಬಂತು. ಉಸಿರು ಹತ್ತಿರ ಬಂತು. ಬಾಯೊಳಗೆ ಆ ಮಾತು ಸಿದ್ಧವಾಗಿತ್ತು.

ಬ್ರಶ್ಶು ಮುಖಕ್ಕೆ ತಾಗಿತು, ಮೇಸ್ತ್ರಿಯದೇ ಮುಖಕ್ಕೆ, ಬೆಚ್ಚಗೆ. ಮಾತಿಗೆ ತೆರೆದ ಬಾಯನ್ನು ಅವರು ಮೆಲ್ಲಗೆ ಮುಚ್ಚಿ, ಗದ್ದವನ್ನು ಒಂದಿಷ್ಟು ಮೇಲೆತ್ತಿಕೊಟ್ಟು, ಜನ್ಮದಲ್ಲಿ ಹೊಡೆಯದಂಥ ಗೊರಕೆ ಹೊಡೆಯತೊಡಗಿದರು.