ಉಡಿ ತುಂಬುವ ಕೈ

"ಇಬ್ಬರೂ ಹೆಂಗಸರೇ ಇರೋ ಜೋಡಿ ದಂಪತಿ ಪೂಜೆಗೆ ಕೂರಬಾರದು ಅನ್ನೋರು ಕೈ ಎತ್ತಿ," ಎಂದರು ಕನ್ನಡ ಸಂಘದ ಕಾರ್ಯದರ್ಶಿ. ಕೆನಡಾದ ಪೋರ್ಟ್ ಕ್ರೆಡಿಟ್‌ನ ಸಭಾಂಗಣದಲ್ಲಿ ಎಲ್ಲರಿಗಿಂತ ಮೊದಲು ಧಾರವಾಡ ಕಡೆಯ ಕಸ್ತೂರಕ್ಕನ ಕೈ ಮೇಲೆದ್ದಿತು. ಅದರ ಹಿಂದೆಯೇ ಇನ್ನಷ್ಟು ಕೈಗಳೆದ್ದವು.

"ಸಿಟಿ ಹಾಲ್‌ನಾಗ ಮದುವಿ ಆಗೇವಿ. ಇಡೀ ಕೆನಡಾ ಒಪ್ಪೇತಿ, ನಮ್ಮವ್ರಾಗಿ ನೀವು ವೋಟ್ ಹಾಕತೀರೇನ್ರಿ?" ದೀಪಶ್ರೀ ಸಿಡಿದಳು. ಅವಳ ಹೆಂಡತಿ ಕೋಕಿಲಾ ರೇಷ್ಮೆ ಸೀರೆಯ ನೆರಿಗೆ ಹಿಡಿದು ಹೊರಡಲು ಎದ್ದೇಬಿಟ್ಟಳು.

"ನೀ ಕೂಡವಾ," ಎಂದು ದೀಪಶ್ರೀಯ ತಾಯಿ ಈರವ್ವ ಸೊಸೆಯನ್ನು ಕೂರಿಸಿ, ಅವಳ ಸೆರಗನ್ನು ಮಡಿಲಲ್ಲಿ ಹರವಿದಳು. ಪೂಜೆಯ ಅಕ್ಕಿ ತಟ್ಟೆ ಎತ್ತಿಕೊಂಡು ನೇರವಾಗಿ ಕಸ್ತೂರಕ್ಕನ ಮುಂದೆ ಹೋಗಿ ನಿಂತಳು. "ನಾ ಗಂಡ ಸತ್ತಾಕಿ, ನನಗ ತುಂಬಾಕ ಬರಂಗಿಲ್ಲ. ನನ್ನ ಸೊಸಿ ಉಡಿ ನೀ ತುಂಬು ಬಾ, ಕಸ್ತೂರಿ."

ಉಡಿ ತುಂಬಲು ಕರೆದರೆ ಒಲ್ಲೆ ಎಂದ ಮುತ್ತೈದೆಯನ್ನು ಧಾರವಾಡದ ಕಡೆ ಯಾರೂ ಕಂಡಿಲ್ಲ. ಕಸ್ತೂರಕ್ಕ ತಟ್ಟೆ ನೋಡಿದಳು, ಮೇಲಿದ್ದ ತನ್ನ ಕೈ ನೋಡಿದಳು. ಒಂದು ಕೈಯಿಂದ ಆಗುವ ಕೆಲಸವಲ್ಲ ಅದು, ಬೊಗಸೆಯೇ ಬೇಕು. ಕೈ ಇಳಿದು ಅಕ್ಕಿಯೊಳಗೆ ಹೋಯಿತು. ಹಿಂದಿನ ಸಾಲಿನ ಹೆಂಗಸರೂ ಕೈ ಇಳಿಸಿ, ಬಳೆ ಸದ್ದು ಮಾಡುತ್ತ ನುಗ್ಗಿ ಬಂದರು.

"ಏನ್ ಎಣಸ್ಕೋತ ನಿಂತೀರಿ?" ಕಸ್ತೂರಕ್ಕ ಕಾರ್ಯದರ್ಶಿಯನ್ನು ಗದರಿದಳು. "ಕೊಬ್ರಿ ಬಟ್ಲಾ ಕೊಡ್ರಿ ಇಲ್ಲೆ!"