ಮೈಕಿಗೆ ಬಿದ್ದ ಮಾತು

ಫಿನ್ಲೆಂಡಿನಲ್ಲಿ ನಡೆದ ವೈಜ್ಞಾನಿಕ ಕಥೆಗಾರರ ಸಮ್ಮೇಳನಕ್ಕೆ ಗಂಡ ಹೆಂಡತಿ ಇಬ್ಬರೂ ಕಥೆ ಕಳಿಸಿದ್ದರು. ವೇದಿಕೆಗೆ ಕರೆ ಬಂದದ್ದು ಶಾರ್ವರಿಗೆ ಮಾತ್ರ. ಸುಧೀಂದ್ರ ಮಕ್ಕಳಿಬ್ಬರನ್ನು ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅವಳ ಇಂಗ್ಲಿಷ್ ಭಾಷಣದ ಒಂದೊಂದು ಮಾತಿಗೂ ಸಭೆ ತಲೆದೂಗುವುದನ್ನು ಕಂಡು ಅವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ಯಾರಿಗೂ ಕಾಣದಂತೆ ತೊಡೆಯ ಮೇಲಿದ್ದ ಕೂಸನ್ನು ಚಿವುಟಿದ. ಕೂಸು ಚೀರಿತು.

ಶಾರ್ವರಿ ಮಾತು ನಿಲ್ಲಿಸಿ ಇಳಿದು ಬಂದಳು. “ಏನಾಯ್ತು ರೀ?”

“ನೀನೇ ಬೇಕಂತೆ. ಸಾಕು, ರೂಮಿಗೆ ಹೋಗೋಣ ನಡಿ.”

ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಮತ್ತೆ ವೇದಿಕೆ ಹತ್ತಿದಳು. ಐದು ವರ್ಷದ ಮಗಳೂ ಹಿಂದೆಯೇ ಓಡಿಹೋಗಿ ಮೈಕಿಗೆ ಬಾಯಿಟ್ಟಳು.

“ಅಮ್ಮಾ, ಪಾಪುನ ಅಪ್ಪಾನೇ ಚಿವುಟಿದ್ದು.”

ಕನ್ನಡ ಬಾರದ ಸಭೆ ಮುದ್ದುಬಂದು ಚಪ್ಪಾಳೆ ತಟ್ಟಿತು. ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದುದರಿಂದ ಸುಧೀಂದ್ರನೂ ತಟ್ಟಬೇಕಾಯಿತು.