ಕೋವಿ ಕೇಳುವ ಪ್ರಶ್ನೆ

ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಗೋಡೆಯ ಮೇಲಿದ್ದ ಕೋವಿ ಎಂದಿನಂತೆ ಕೇಳಿತು: “ಈ ಮನೆಯಲ್ಲಿ ಯಾರಿಗಾದರೂ ಕೋಪವಿದೆಯೇ?”

ಹಿಟ್ಟಿನ ಕೈಯಲ್ಲೇ ಓಡಿದೆ. ಉತ್ತರ ತಡವಾದರೆ ಸರ್ಕಾರ ಅದರೊಳಗೆ ಕೂರಿಸಿದ ಯಂತ್ರಕ್ಕೆ ಅನುಮಾನ. ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬದಲ್ಲಿ ನಳಿಗೆಗೆ ಸಿಕ್ಕಿಸಿದ್ದ ಹೂವು ಬಾಡಿ ಇನ್ನೂ ಅಲ್ಲೇ ಇತ್ತು.

“ಇಲ್ಲ,” ಅಂದೆ.

ಕೆಂಪು ದೀಪ ಹತ್ತಿತು. “ದನಿಯಲ್ಲಿ ಕೋಪವಿದೆ. ಮತ್ತೊಮ್ಮೆ ಹೇಳಿ.”

“ಮೆಲ್ಲ ಹೇಳು ಮಾರಾಯ್ತಿ,” ಎಂದು ಗಂಡ ಬೋಪಣ್ಣ ಕಾಫಿ ಕುಡಿಯುತ್ತಾ ನಕ್ಕರು. “ತೆಂಗಿನಕಾಯಿಗೆ ಗುರಿ ಹಿಡಿಯುವಾಗ ಉಸಿರು ಹದ ಮಾಡ್ತೀಯಲ್ಲ, ಹಾಗೆ.”

ಇವತ್ತು ಮಡಿಕೇರಿಯಲ್ಲಿ ಅಹವಾಲು ಸಭೆ. ಹಬ್ಬದ ಪಂದ್ಯದಲ್ಲಿ ಕೋವಿಯಿಂದ ತೆಂಗಿನಕಾಯಿ ಹೊಡೆಯುವವರನ್ನು ದಿನಾ ಕಳ್ಳರಂತೆ ವಿಚಾರಿಸಬೇಡಿ, ಈ ಪ್ರಶ್ನೆಯನ್ನೇ ತೆಗೆಯಿರಿ ಎಂದು ನಮ್ಮ ಕೋವಿದಾರರ ಸಂಘದ ಪರವಾಗಿ ನಾನು ಮಾತಾಡಬೇಕು. ಆದರೆ ಬೆಳಿಗ್ಗೆ ಹಸಿರು ದೀಪ ಸಿಗದವರನ್ನು ಸಭೆಯ ಒಳಗೇ ಬಿಡುವುದಿಲ್ಲ. ಕಳೆದ ಸಲವೂ ಬಾಗಿಲಿನಿಂದಲೇ ವಾಪಸು ಬಂದಿದ್ದೆ.

ಮಗುವನ್ನು ಮಲಗಿಸುವ ದನಿಯಲ್ಲಿ ಹೇಳಿದೆ: “ನನಗೆ ಯಾರ ಮೇಲೂ ಕೋಪ ಇಲ್ಲ.” ಅಷ್ಟರಲ್ಲಿ ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು.

“ಇಂದಿಗೆ ಬೀಗ,” ಎಂದಿತು ಕೋವಿ. ದೀಪ ಕೆಂಪಾಗಿಯೇ ಉಳಿಯಿತು. ಬೋಪಣ್ಣ ನಗು ನಿಲ್ಲಿಸಿದರು.

ಮಗಳು ದೇಚು ಹೊಸಿಲ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಕೋವಿ ಕೇಳುವಾಗ ಬಾಯಿ ಬಿಡಬಾರದು ಎಂದು ಅವಳಿಗೆ ಕಲಿಸಿದ್ದವಳು ನಾನೇ. ಇವತ್ತು ಅವಳು ಸೀದಾ ಗೋಡೆಯ ಬಳಿ ಬಂದು ಸೊಂಟದ ಮೇಲೆ ಕೈಯಿಟ್ಟು ತಲೆ ಎತ್ತಿದಳು.

“ಅವ್ವನಿಗೆ ಕೋಪ ಇದೆಯಾ ಅಂತ ದಿನಾ ಕೇಳ್ತೀಯಲ್ಲ, ಯಾಕೆ ಕೋಪ ಅಂತ ಒಂದು ದಿನಾನಾದ್ರೂ ಯಾಕೆ ಕೇಳಲ್ಲ?”